ಉಕ್ಕುಕೋಟ ಬರುವ ಶುಕ್ರವಾರ

ಗೋದಾವರಿ ಸೀಮೆಯ ಮಂಡಪೇಟದ ಸುವರ್ಚಲಾಳ ಮದುವೆ ಎರಡು ಸಲ ಮುಂದೆ ಹೋಯಿತು. ಏಕೆ ಹೋಯಿತು ಎಂಬುದಕ್ಕೆ ಊರಿನಲ್ಲಿ ಹತ್ತಾರು ಕಾರಣಗಳು ಓಡಾಡಿದವು. ಹುಡುಗಿಗೆ ಮೂರ್ಛೆರೋಗ ಎಂದರು ಕೆಲವರು. ಹುಡುಗನಿಗೆ ಅಮಲಾಪುರದಲ್ಲಿ ಆಗಲೇ ಒಂದು ಸಂಸಾರವಿದೆ ಎಂದರು ಇನ್ನು ಕೆಲವರು. ಇವೆರಡನ್ನೂ ನಂಬದ ವಿಚಾರವಂತರು ಕುಜದೋಷ ಎಂದು ತೀರ್ಮಾನಿಸಿದರು. ಪಾಪ, ಕುಜನ ಕೈವಾಡ ಇದರಲ್ಲಿ ಏನೂ ಇರಲಿಲ್ಲ. ಇದ್ದದ್ದು ಹುಡುಗಿಯ ತಂದೆ ತಾತಬ್ಬಾಯಿಯ ಕೈವಾಡ.

ತಾತಬ್ಬಾಯಿ ಪುರಸಭೆಯ ನೀರು ಸರಬರಾಜು ವಿಭಾಗದಲ್ಲಿ ಗುಮಾಸ್ತ. ವಯಸ್ಸು ಐವತ್ತೊಂದು. ಕುಡಿತವಿಲ್ಲ, ಇಸ್ಪೀಟಿಲ್ಲ, ಇನ್ನೊಬ್ಬರ ಜಗಳಕ್ಕೆ ಹೋದವನಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆ ಅವನಿಗಿದ್ದದ್ದು ಒಂದೇ ಒಂದು, ಹೀರೋ ಮಾರ್ತಾಂಡ್. ಹದಿನಾಲ್ಕನೆಯ ವಯಸ್ಸಿನಿಂದ ಇಲ್ಲಿಯವರೆಗೆ ಮಾರ್ತಾಂಡನ ಮೂವತ್ತೊಂದು ಸಿನಿಮಾ ಬಂದಿದ್ದವು. ಮೂವತ್ತೊಂದನ್ನೂ ಅವನು ಬಿಡುಗಡೆಯ ದಿನ, ಬೆಳಗಿನ ಆಟದಲ್ಲೇ ನೋಡಿದ್ದ. ಮದುವೆಯಾದ ವರ್ಷ ಹೆಂಡತಿ ಮಂಗತಾಯಾರುವನ್ನು ತವರಿನಿಂದ ಕರೆತರುವ ದಿನ ಒಂದು ಸಿನಿಮಾ ಬಂತು. ಅವಳನ್ನು ಬಸ್‌ಸ್ಟ್ಯಾಂಡಿನಿಂದ ಪೆಟ್ಟಿಗೆ ಸಮೇತ ನೇರ ಟಾಕೀಸಿಗೆ ಕರೆದೊಯ್ದಿದ್ದ. ಆಕೆ ಅದನ್ನು ಇವತ್ತಿಗೂ ಮರೆತಿಲ್ಲ, ನೆನಪಿಸುವುದನ್ನೂ ಬಿಟ್ಟಿಲ್ಲ.

ಈ ನಿಷ್ಠೆಗೆ ಊರು ತಕ್ಕ ಮರ್ಯಾದೆಯನ್ನೂ ಕೊಟ್ಟಿತ್ತು. ಮಾರ್ತಾಂಡನ ಸಿನಿಮಾ ಬಿಡುಗಡೆಯಾದ ದಿನ ತೆರೆಯ ಮುಂದೆ ಮೊದಲ ತೆಂಗಿನಕಾಯಿ ಒಡೆಯುವವನು ತಾತಬ್ಬಾಯಿ. ಶಾಸಕರು ಬಂದಿದ್ದರೂ ಎರಡನೆಯ ಕಾಯಿ ಅವರದು. ಅಭಿಮಾನಿ ಸಂಘದ ಅಧ್ಯಕ್ಷ, ಸೋಡಾ ಅಂಗಡಿಯ ಬುಲ್ಲಿರಾಜು, ಈ ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆಫೀಸಿನಲ್ಲಿ ಇಪ್ಪತ್ತಾರು ವರ್ಷ ದುಡಿದರೂ ಕುರ್ಚಿಗೊಂದು ಕುಶನ್ ಸಿಗದ ಮನುಷ್ಯನಿಗೆ ಇದು ಸಣ್ಣ ಮಾತಲ್ಲ.

ಮಾರ್ತಾಂಡ್ ಎರಡು ವರ್ಷದಿಂದ ತೆರೆಗೆ ಬಂದಿರಲಿಲ್ಲ. ಈಗ ಬರಲಿದ್ದದ್ದು ‘ಉಕ್ಕುಕೋಟ’. ದಿನಾಂಕ ಗೊತ್ತಾದ ದಿನವೇ ತಾತಬ್ಬಾಯಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವೈಶಾಖದ ಒಂದು ಶುಕ್ರವಾರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ. ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ, ಹಾಲು ತಪ್ಪಿದ ದಿನಕ್ಕೆ ಮಂಗತಾಯಾರು ಹಾಕುವ ಗುರುತು ನೀಲಿ. ಕೆಂಪಿನ ತಂಟೆಗೆ ಆಕೆ ಹೋಗುತ್ತಿರಲಿಲ್ಲ.

ಇದೇ ಹೊತ್ತಿಗೆ ಸುವರ್ಚಲಾಳಿಗೆ ಸಂಬಂಧ ಕೂಡಿಬಂತು. ಸುವರ್ಚಲ ಒಬ್ಬಳೇ ಮಗಳು, ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರು. ಹುಡುಗ ಕಿರೀಟಿ, ರಾವುಲಪಾಲೆಂನ ಬಾಳೆಕಾಯಿ ವ್ಯಾಪಾರಿ ವೀರ್ರಾಜುವಿನ ಎರಡನೆಯ ಮಗ, ಪಶು ಆಸ್ಪತ್ರೆಯಲ್ಲಿ ಕೆಲಸ. ಹುಡುಗ ಹುಡುಗಿ ಒಪ್ಪಿದ್ದರು. ಒಪ್ಪಿದ್ದರು ಎನ್ನುವುದು ಕಡಿಮೆಯಾಯಿತು; ದಿನಕ್ಕೆ ಎರಡು ಗಂಟೆ ಫೋನಿನಲ್ಲಿ ಮಾತಾಡುತ್ತಿದ್ದರು. ತಾಂಬೂಲ ಬದಲಾಯಿಸಿಕೊಂಡು ಎರಡೂ ಮನೆಯವರು ತಾತಬ್ಬಾಯಿಯ ಹಜಾರದಲ್ಲಿ ಕೂತಾಗ ಸಿದ್ಧಾಂತಿಗಳು ಪಂಚಾಂಗ ಬಿಡಿಸಿ, ಕನ್ನಡಕ ಏರಿಸಿ, ವೈಶಾಖದಲ್ಲಿ ಇಂಥ ಮುಹೂರ್ತ ಇನ್ನೊಂದಿಲ್ಲ ಎಂದು ಒಂದು ಶುಕ್ರವಾರವನ್ನು ಹೆಸರಿಸಿದರು. ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ.

ಕೆಂಪು ಸುತ್ತಿನ ಶುಕ್ರವಾರ.

ತಾತಬ್ಬಾಯಿ ಬಾಯಿಗಿಟ್ಟ ಸಿಹಿ ಕಾಜಾ ಅಲ್ಲೇ ನಿಂತಿತು. ಮಗಳ ಮದುವೆಗಿಂತ ಸಿನಿಮಾ ಹೆಚ್ಚೇ ಎಂದು ಯಾರಾದರೂ ಕೇಳಿದ್ದರೆ ಛೆ ಛೆ ಎಂದುಬಿಡುತ್ತಿದ್ದ. ಆದರೆ ಯಾರೂ ಕೇಳಲಿಲ್ಲ. ಹಾಗಾಗಿ ಅವನು ಕಾಜಾವನ್ನು ನುಂಗಿ, ಆ ದಿನ ಊರಿನ ದೊಡ್ಡ ನೀರಿನ ಟ್ಯಾಂಕು ತೊಳೆಯುವುದಿದೆ, ತಾನೇ ನಿಂತು ತೊಳೆಸಬೇಕು, ಕಮಿಷನರ್ ಸಾಹೇಬರು ರಜೆ ಕೊಡುವುದಿಲ್ಲ ಎಂದ. ಮಗಳ ಮದುವೆಗೂ ರಜೆ ಕೊಡದ ಕಮಿಷನರ್ ಎಂಥವನು ಎಂದು ಹೆಂಗಸರು ಬಾಯಿಮೇಲೆ ಬೆರಳಿಟ್ಟರು. ಬೀಗ ವೀರ್ರಾಜು ಮಾತ್ರ ಒಂದು ಆಕ್ಷೇಪವನ್ನೂ ಎತ್ತದೆ, "ಊರಿನ ನೀರಿನ ವಿಷಯ ಬಾವಗಾರು, ಅದು ಮೊದಲು. ಮುಂದಿನ ಮುಹೂರ್ತ ನೋಡೋಣ" ಎಂದುಬಿಟ್ಟ. ಎಷ್ಟು ದೊಡ್ಡ ಮನಸ್ಸು ಎಂದು ತಾತಬ್ಬಾಯಿಗೆ ಕಣ್ಣು ಒದ್ದೆಯಾಯಿತು.

ಸಿದ್ಧಾಂತಿಗಳು ಹಾಳೆ ತಿರುವಿ ಜ್ಯೇಷ್ಠದಲ್ಲಿ ಇನ್ನೊಂದು ಶುಕ್ರವಾರ ಕೊಟ್ಟರು. ಚೊಚ್ಚಲ ಹುಡುಗನಿಗೂ ಚೊಚ್ಚಲ ಹುಡುಗಿಗೂ ಜ್ಯೇಷ್ಠದಲ್ಲಿ ಮದುವೆ ಕೂಡದು; ಕಿರೀಟಿ ಎರಡನೆಯ ಮಗನಾದ್ದರಿಂದ ಆ ಅಡ್ಡಿಯೂ ಇರಲಿಲ್ಲ.

ನಾಲ್ಕು ದಿನ ಕಳೆದಿರಬೇಕು. ಬುಲ್ಲಿರಾಜು ಸೋಡಾ ಅಂಗಡಿಯಿಂದ ಓಡಿಬಂದು ಸಿನಿಮಾ ಮುಂದೆ ಹೋಯಿತು ಎಂದ. ಗ್ರಾಫಿಕ್ಸ್ ಮುಗಿದಿಲ್ಲವಂತೆ, ಕಂಪ್ಯೂಟರಿನಲ್ಲಿ ಕೋಟೆ ಇನ್ನೂ ಅರ್ಧ ಕಟ್ಟಿದ್ದಾರಂತೆ. ಕಲ್ಲಿನಲ್ಲೇ ಕಟ್ಟಿದ್ದರೆ ಇಷ್ಟರಲ್ಲಿ ಮುಗಿಯುತ್ತಿತ್ತು ಎಂದು ತಾತಬ್ಬಾಯಿ ಗೊಣಗಿದ. ಹೊಸ ದಿನಾಂಕ ಯಾವುದು ಎಂದು ಕೇಳಿದರೆ ಬುಲ್ಲಿರಾಜು ಹೇಳಿದ್ದು ಜ್ಯೇಷ್ಠದ ಅದೇ ಶುಕ್ರವಾರ. ಅದರಲ್ಲಿ ಆಶ್ಚರ್ಯವೇನಿಲ್ಲ. ನಿರ್ಮಾಪಕನೂ ಹೈದರಾಬಾದಿನಲ್ಲಿ ಯಾರೋ ಸಿದ್ಧಾಂತಿಯನ್ನು ಕೇಳಿಯೇ ದಿನ ಇಡುತ್ತಾನೆ, ಒಳ್ಳೆಯ ದಿನ ಎಂದರೆ ಎಲ್ಲರಿಗೂ ಒಳ್ಳೆಯ ದಿನವೇ.

ಇತ್ತ ಟ್ಯಾಂಕಿನ ಸುದ್ದಿ ಊರಲ್ಲಿ ಹರಡಿ ಕಮಿಷನರ್ ಕಿವಿಗೂ ಬಿತ್ತು. ಮಗಳ ಮದುವೆಗೆ ರಜೆ ಕೊಡದ ಕಟುಕ ಎಂದು ಅವರ ಹೆಂಡತಿಗೆ ದೇವಸ್ಥಾನದಲ್ಲಿ ಯಾರೋ ಅಂದಿದ್ದರು. ಅವರು ತಾತಬ್ಬಾಯಿಯನ್ನು ಕರೆಸಿ, ಟ್ಯಾಂಕು ಯಾವಾಗ ತೊಳೆಸಿದ್ದು ಎಂದು ವಿಚಾರಿಸಿದರು. ಕಡತ ನೋಡಿದರೆ ಆರು ವರ್ಷ ಆಗಿತ್ತು. "ಬಹಳ ಒಳ್ಳೆ ಯೋಚನೆ ಮಾಡಿದೀರಿ ತಾತಬ್ಬಾಯಿಗಾರು. ಆ ಶುಕ್ರವಾರವೇ ಆಗಲಿ. ನೀವೇ ಇಳಿದು ನೋಡ್ಕೊಳ್ಳಿ, ನಾನೂ ಬರ್ತೀನಿ" ಎಂದರು.

ಹೀಗೆ ವೈಶಾಖದ ಆ ಶುಕ್ರವಾರ ಸಿನಿಮಾವೂ ಇಲ್ಲದೆ ಮದುವೆಯೂ ಇಲ್ಲದೆ ತಾತಬ್ಬಾಯಿ ಪಂಚೆ ಎತ್ತಿ ಕಟ್ಟಿ ಟ್ಯಾಂಕಿನೊಳಗೆ ಮೊಣಕಾಲು ಮಟ್ಟದ ಕೆಸರಲ್ಲಿ ನಿಂತಿದ್ದ. ಮೇಲಿನ ಕಿಂಡಿಯಿಂದ ಕಮಿಷನರ್ ಇಣುಕಿ, ಆ ಮೂಲೆ, ಈ ಮೂಲೆ ಎಂದು ತೋರಿಸುತ್ತಿದ್ದರು. ಸಂಜೆ ಮನೆಗೆ ಬಂದವನನ್ನು ಮಂಗತಾಯಾರು ಹಿತ್ತಲಿನಿಂದಲೇ ಒಳಗೆ ಬಿಟ್ಟಳು.

ಮೈ ತೊಳೆದುಕೊಂಡರೂ ಜ್ಯೇಷ್ಠದ ಶುಕ್ರವಾರ ತೊಳೆದುಹೋಗಲಿಲ್ಲ. ಟ್ಯಾಂಕನ್ನು ಮತ್ತೆ ತೊಳೆಯುತ್ತೇನೆ ಎನ್ನುವಂತಿಲ್ಲ. ಎರಡು ದಿನ ಯೋಚಿಸಿ ತಾತಬ್ಬಾಯಿ ದೇವರ ಮೊರೆಹೊಕ್ಕ. ಸುವರ್ಚಲಾಳಿಗೆ ನಾಲ್ಕು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂದಿತ್ತು, ಅವಳ ಮದುವೆಗೆ ಮೊದಲು ದ್ವಾರಕಾ ತಿರುಮಲದಲ್ಲಿ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದೆ, ಮರೆತೇಹೋಗಿತ್ತು, ನಿನ್ನೆ ಸ್ವಾಮಿಯೇ ಕನಸಿನಲ್ಲಿ ಬಂದು ಎಚ್ಚರಿಸಿದ ಎಂದು ಸಿದ್ಧಾಂತಿಗಳ ಹತ್ತಿರ ಹೇಳಿದ. ಜ್ವರ ಬಂದದ್ದು ನಿಜ. ಉಳಿದದ್ದು ತಾತಬ್ಬಾಯಿಯದು.

ಸಿದ್ಧಾಂತಿಗಳು ಗಂಭೀರವಾದರು. ಹರಕೆ ತೀರಿಸದೆ ಮದುವೆ ಮಾಡುವಂತಿಲ್ಲ. ಹರಕೆ ತೀರಿಸಿದರೆ ಬೋಳು ತಲೆಯಲ್ಲಿ ಧಾರೆ ಎರೆಯುವಂತಿಲ್ಲ. ಮದುವೆಮನೆಯಲ್ಲಿ ಹೆಣ್ಣಿನ ತಂದೆ ಸಾವಿನ ಮನೆಯಿಂದ ಬಂದವನ ಹಾಗೆ ಕಾಣುತ್ತಾನೆ. ಕೂದಲು ಬರುವವರೆಗೆ ಕಾಯಬೇಕು. ಮಧ್ಯೆ ಆಷಾಢ, ಅದು ಶೂನ್ಯಮಾಸ. ಆದ್ದರಿಂದ ಶ್ರಾವಣ. ತಾತಬ್ಬಾಯಿ ಕೇಳಬೇಕೆಂದಿದ್ದದ್ದು ಇದನ್ನೇ. ವೀರ್ರಾಜುವಿಗೆ ಫೋನು ಮಾಡಿದರೆ ಅವನು ಈ ಸಲವೂ, ದೇವರ ಕೆಲಸ, ಅದು ಮೊದಲು ಎಂದ. ಇಂಥ ಬೀಗರು ಏಳು ಜನ್ಮಕ್ಕೆ ಸಿಗುವುದಿಲ್ಲ ಎಂದು ತಾತಬ್ಬಾಯಿ ಮನೆಯಲ್ಲಿ ಎಲ್ಲರಿಗೂ ಹೇಳಿದ. ಆದರೆ ವೀರ್ರಾಜು ಅಷ್ಟಕ್ಕೆ ನಿಲ್ಲಲಿಲ್ಲ. ಒಳ್ಳೆಯ ಕೆಲಸವನ್ನು ಯಾಕೆ ತಡಮಾಡುವುದು ಎಂದು ಮರುವಾರವೇ ಕಾರು ಮಾಡಿಕೊಂಡು ಬಂದು ತಾತಬ್ಬಾಯಿಯನ್ನು ಹತ್ತಿಸಿಕೊಂಡ.

ದ್ವಾರಕಾ ತಿರುಮಲದಲ್ಲಿ ಮುಡಿ ತೆಗೆಯುವ ಕಲ್ಯಾಣಕಟ್ಟೆಯಲ್ಲಿ ನಾಪಿತ ತಾತಬ್ಬಾಯಿಯ ತಲೆಗೆ ನೀರು ಚಿಮುಕಿಸಿ ಬಲಗಡೆಯಿಂದ ಶುರುಮಾಡಿದ. ತಾತಬ್ಬಾಯಿಗೆ ಇಡೀ ದೇಹದಲ್ಲಿ ಹೇಳಿಕೊಳ್ಳುವಂಥದ್ದು ಇದ್ದದ್ದು ತಲೆಗೂದಲು ಒಂದೇ. ಅರ್ಧ ಮುಗಿದಿತ್ತು, ಫೋನು ಬಂತು. ಬುಲ್ಲಿರಾಜು. ಕೋಟೆ ಕಟ್ಟಿಯಾಗಿದೆಯಂತೆ, ಆದರೆ ಕುದುರೆಗಳು ಇನ್ನೂ ಆಗಿಲ್ಲವಂತೆ, ಸಿನಿಮಾ ಮತ್ತೆ ಮುಂದೆ ಹೋಯಿತು.

"ಯಾವತ್ತಿಗೆ?" ಎಂದು ಕೇಳಿದ ತಾತಬ್ಬಾಯಿ.

"ಶ್ರಾವಣ ಮಾಸ. ಎರಡನೇ ಶುಕ್ರವಾರ."

ಶ್ರಾವಣದ ಎರಡನೆಯ ಶುಕ್ರವಾರ, ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಸುವರ್ಚಲಾಳ ಮದುವೆ. ಹಿಂದಿನ ಸಂಜೆಯಷ್ಟೇ ಲಗ್ನಪತ್ರಿಕೆ ಬರೆಸಿಯಾಗಿತ್ತು.

ತಾತಬ್ಬಾಯಿ ಎದ್ದುಬಿಡಲು ನೋಡಿದ. ನಾಪಿತ ಭುಜ ಒತ್ತಿ ಕೂರಿಸಿ, ಅರ್ಧಕ್ಕೆ ಬಿಟ್ಟರೆ ದೇವರಿಗೂ ಕೋಪ, ನೋಡುವವರಿಗೂ ಭಯ ಎಂದ. ಅದೇ ಹೊತ್ತಿಗೆ ಕಂಬಕ್ಕೆ ಒರಗಿ ನಿಂತಿದ್ದ ವೀರ್ರಾಜುವಿಗೂ ಒಂದು ಫೋನು ಬಂತು, ಅವನ ಮುಖವೂ ಹುಳಿ ತಿಂದಂತಾಯಿತು. ಬಾಳೆಕಾಯಿ ಲಾರಿ ಎಲ್ಲೋ ಕೆಟ್ಟಿರಬೇಕು ಎಂದುಕೊಂಡ ತಾತಬ್ಬಾಯಿ.

ಅಲ್ಲಿಂದ ಮುಂದೆ ಊರು ತನ್ನ ಕೆಲಸ ಶುರುಮಾಡಿತು. ಎರಡು ಸಲ ಮುಂದೆ ಹೋದ ಮದುವೆ, ಮೇಲೆ ಬೋಳು ತಲೆಯ ತಂದೆ. ಎದುರು ಮನೆಯ ಮುದುಕಿ, ಯಾರು ಹೋದರು ಎಂದು ವಿಚಾರಿಸಿಕೊಂಡು ಬಂದು ಬಾಗಿಲಲ್ಲೇ ಅಳಲು ಕೂತಳು. ಯಾರೂ ಹೋಗಿಲ್ಲ ಎಂದು ತಿಳಿದು ಸ್ವಲ್ಪ ನಿರಾಸೆಯಿಂದಲೇ ಎದ್ದುಹೋದಳು. ಮೂರ್ಛೆರೋಗ, ಎರಡನೆಯ ಸಂಸಾರ, ಕುಜದೋಷ ಎಲ್ಲ ಹುಟ್ಟಿದ್ದು ಆಗಲೇ.

ಇಷ್ಟಾದ ಮೇಲಾದರೂ ಮನುಷ್ಯ ಸುಮ್ಮನಿರಬೇಕಿತ್ತು. ಎರಡು ವರ್ಷ ಕಾದಿದ್ದೇನೆ, ಮೂವತ್ತೊಂದನ್ನೂ ಮೊದಲ ದಿನವೇ ನೋಡಿದ್ದೇನೆ, ಇದೊಂದು ಕಾಯಿ ಒಡೆದುಬಿಟ್ಟರೆ ಮುಂದಿನ ಶುಕ್ರವಾರವೇ ಮದುವೆ ಮಾಡೋಣ ಎಂದು ಲೆಕ್ಕ ಹಾಕಿ, ತಾತಬ್ಬಾಯಿ ಮೂರನೆಯ ಸುಳ್ಳನ್ನು ಹೇಳಿದ. ಈ ಸಲ ಟ್ಯಾಂಕೂ ಇರಲಿಲ್ಲ, ದೇವರೂ ಇರಲಿಲ್ಲ, ಕೈಗೆ ಸಿಕ್ಕಿದವಳು ಮಗಳು. ವೀರ್ರಾಜುವಿಗೆ ಫೋನು ಮಾಡಿ, ಹುಡುಗಿ ಯಾಕೋ ಮುಂದೆ ಓದಬೇಕು ಅಂತಿದ್ದಾಳೆ, ಸ್ವಲ್ಪ ಟೈಮು ಕೊಡಿ ಎಂದ. ವೀರ್ರಾಜು ಈ ಸಲ ಅದು ಮೊದಲು ಎನ್ನಲಿಲ್ಲ. ಫೋನು ಇಟ್ಟುಬಿಟ್ಟ.

ಮರುದಿನ ಬೆಳಿಗ್ಗೆ ವೀರ್ರಾಜು, ಅವನ ಹೆಂಡತಿ, ಕಿರೀಟಿ, ಜೊತೆಗೆ ಇಬ್ಬರು ಹಿರಿಯರು ತಾತಬ್ಬಾಯಿಯ ಹಜಾರದಲ್ಲಿದ್ದರು. ಕೊಟ್ಟ ನೀರನ್ನು ಮುಟ್ಟಲಿಲ್ಲ. ಸಿದ್ಧಾಂತಿಗಳಿಗೆ ಹೇಳಿಕಳಿಸಿದ್ದರಿಂದ ಅವರೂ ಪಂಚಾಂಗದ ಸಮೇತ ಬಂದಿದ್ದರು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಹುಡುಗಿಗೆ ಇಷ್ಟವಿಲ್ಲದಿದ್ದರೆ ಬಲವಂತವೇನಿಲ್ಲ, ತಾಂಬೂಲ ವಾಪಸು ಮಾಡಿ ಇಬ್ಬರೂ ನಗುತ್ತ ಬೇರೆಯಾಗೋಣ ಎಂದರು. ನಗುವವರು ಯಾರೂ ಅಲ್ಲಿರಲಿಲ್ಲ. ಮಂಗತಾಯಾರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕಿರೀಟಿ ನೆಲ ನೋಡುತ್ತಿದ್ದ. ಹಿಂದಿನ ರಾತ್ರಿ ಅವನು ಫೋನೆತ್ತಿರಲಿಲ್ಲ.

ಒಳಗಿಂದ ಸುವರ್ಚಲ ಬಂದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಕೈಯಲ್ಲಿ ಮೊಳೆಯಿಂದ ಕಿತ್ತ ಕ್ಯಾಲೆಂಡರ್ ಇತ್ತು. ಅದನ್ನು ವೀರ್ರಾಜುವಿನ ಮುಂದೆ ಹಾಸಿ, ಶಾಲೆಯಲ್ಲಿ ಲೆಕ್ಕ ಬಿಡಿಸುವ ದನಿಯಲ್ಲೇ ಹೇಳಿದಳು.

"ಮಾವಯ್ಯಾ, ನಾನು ಮುಂದೆ ಓದಲ್ಲ. ಇರೋದನ್ನ ಓದಿ ಮುಗಿಸಿದೀನಿ. ಇಲ್ಲಿ ನೋಡಿ, ವೈಶಾಖದಲ್ಲಿ ಕೆಂಪು ಸುತ್ತು, ಟ್ಯಾಂಕು. ಜ್ಯೇಷ್ಠದಲ್ಲಿ ಕೆಂಪು ಸುತ್ತು, ಹರಕೆ. ಶ್ರಾವಣದಲ್ಲಿ ಕೆಂಪು ಸುತ್ತು, ನಾನು. ಮೂರೂ ಮಾರ್ತಾಂಡ್ ಸಿನಿಮಾ ಬರೋ ದಿನ. ನಮ್ಮಪ್ಪನಿಗೆ ಬೇರೆ ಯಾವ ರೋಗವೂ ಇಲ್ಲ."

ಸಿದ್ಧಾಂತಿಗಳು ಬಾಗಿ ಕೆಂಪು ಸುತ್ತುಗಳನ್ನು ತಮ್ಮ ಪಂಚಾಂಗದ ಜೊತೆ ತಾಳೆ ನೋಡಿ, ಮೂರೂ ಶುದ್ಧ ಮುಹೂರ್ತ, ಸಿನಿಮಾದವರಿಗೆ ದಿನ ಇಟ್ಟುಕೊಡುವವನು ಯಾರೋ ಬಲ್ಲವನೇ ಎಂದು ಮೆಚ್ಚಿಕೊಂಡರು. ಅವರ ಮೆಚ್ಚುಗೆ ಯಾರಿಗೂ ಬೇಕಿರಲಿಲ್ಲ.

ಎಲ್ಲರೂ ವೀರ್ರಾಜು ಈಗ ಎದ್ದು ಕೂಗಾಡುತ್ತಾನೆ ಎಂದುಕೊಂಡರು. ಅವನು ಎದ್ದೇನೋ ಎದ್ದ, ಆದರೆ ಬಾಗಿಲ ಕಡೆಗೆ, ಹೋಗೋಣ ನಡೀರಿ, ಆದದ್ದಾಯಿತು ಎಂದು ಗಡಿಬಿಡಿಯಲ್ಲಿ. ಆಗ ಕಿರೀಟಿ ಮೊದಲ ಸಲ ತಲೆಯೆತ್ತಿದ. "ಕೂತ್ಕೋ ಅಪ್ಪಾ. ಇಂಥ ಕ್ಯಾಲೆಂಡರು ನಮ್ಮನೇಲೂ ಇದೆ. ಅದರಲ್ಲಿ ಸುತ್ತು ಹಸಿರು, ಅಷ್ಟೇ" ಎಂದ.

ವಿಷಯ ಇಷ್ಟು. ಹೀರೋ ಚಕ್ರಧರನಿಗೂ ಮಾರ್ತಾಂಡನಿಗೂ ಮೊದಲಿನಿಂದ ಪೈಪೋಟಿ. ಮಾರ್ತಾಂಡನ ಸಿನಿಮಾ ಯಾವತ್ತೋ ಚಕ್ರಧರನ ಸಿನಿಮಾವೂ ಅವತ್ತೇ. ಅವನು ಮುಂದೆ ಹೋದರೆ ಇವನೂ ಹೋಗುತ್ತಾನೆ. ಮತ್ತು ವೀರ್ರಾಜು ಮೂವತ್ತು ವರ್ಷದಿಂದ ರಾವುಲಪಾಲೆಂನಲ್ಲಿ ಚಕ್ರಧರನಿಗೆ ಮೊದಲ ಕುಂಬಳಕಾಯಿ ಒಡೆಯುತ್ತ ಬಂದವನು. ಊರಿನ ನೀರು ಮೊದಲು, ದೇವರ ಕೆಲಸ ಮೊದಲು ಎಂದದ್ದೆಲ್ಲ ಇದಕ್ಕೇ.

ಇಬ್ಬರೂ ಒಂದೇ ತಪ್ಪು ಮಾಡಿದವರು, ಇನ್ನೇನು ಅಪ್ಪಿಕೊಳ್ಳುತ್ತಾರೆ ಎಂದು ಹಿರಿಯರಿಗೆ ಜೀವ ಬಂತು. ಗೋದಾವರಿ ಸೀಮೆಯಲ್ಲಿ ಹುಟ್ಟಿಯೂ ಆ ಹಿರಿಯರಿಗೆ ಅಭಿಮಾನಿಗಳ ಸ್ವಭಾವ ಗೊತ್ತಿರಲಿಲ್ಲ. ಅಲ್ಲಿಯವರೆಗೆ ತಲೆತಗ್ಗಿಸಿ ಕೂತಿದ್ದ ತಾತಬ್ಬಾಯಿ ನಿಧಾನಕ್ಕೆ ತಲೆಯೆತ್ತಿದ.

"ಚಕ್ರಧರನಾ? ಆ ಕುಳ್ಳನಾ?"

"ಕುಳ್ಳನಾದ್ರೂ ಕುಣೀತಾನೆ ಬಾವಗಾರು. ನಿಮ್ಮವನಿಗೆ ಮಂಡಿನೋವು, ಕೂರೋಕೆ ಇಬ್ಬರು ಹಿಡೀಬೇಕು."

ಮುಂದಿನ ಹತ್ತು ನಿಮಿಷ ಸುವರ್ಚಲ ಮತ್ತು ಕಿರೀಟಿಯ ಮದುವೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಯಾರ ಯಾವ ಸಿನಿಮಾ ಎಷ್ಟು ದಿನ ಓಡಿತು, ಯಾವುದನ್ನು ಬಾಡಿಗೆ ಜನ ತಂದು ಓಡಿಸಿದರು, ಯಾರ ಮೀಸೆ ಅಂಟಿಸಿದ್ದು ಎಂಬುದೆಲ್ಲ ಬಂತು. ವೀರ್ರಾಜು ಕಡೆಗೆ, ಮಾರ್ತಾಂಡನಿಗೆ ಕಾಯಿ ಒಡೆಯುವ ಮನೆಯಿಂದ ಹೆಣ್ಣು ತಂದರೆ ರಾವುಲಪಾಲೆಂನಲ್ಲಿ ತಾನು ತಲೆಯೆತ್ತಿ ತಿರುಗುವಂತಿಲ್ಲ ಎಂದ. ತಾತಬ್ಬಾಯಿ, ಚಕ್ರಧರನ ಕಡೆಯವರಿಗೆ ಹೆಣ್ಣು ಕೊಡುವುದಕ್ಕಿಂತ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದ. ನಗುತ್ತ ಬೇರೆಯಾಗೋಣ ಎಂದಿದ್ದ ಹಿರಿಯರು ತಾಂಬೂಲದ ತಟ್ಟೆ ಎಲ್ಲಿದೆ ಎಂದು ಹುಡುಕತೊಡಗಿದರು.

ಸುವರ್ಚಲ ಕಿರೀಟಿಯ ಮುಖ ನೋಡಿದಳು. ಕಿರೀಟಿ ತಲೆಯಾಡಿಸಿದ. ಆಮೇಲೆ ಅವಳು ಹೇಳಿದ ಮಾತು ಜೋರಾಗಿರಲಿಲ್ಲ, ಆದರೆ ಇಬ್ಬರ ಬಾಯಿಯೂ ಮುಚ್ಚಿತು.

"ಶ್ರಾವಣದ ಎರಡನೇ ಶುಕ್ರವಾರ ಹತ್ತು ನಲವತ್ತೆರಡಕ್ಕೆ ನಮ್ಮ ಮದುವೆ. ಸಿನಿಮಾ ಬಂದ್ರೂ ಸರಿ, ಹೋದ್ರೂ ಸರಿ, ದಿನ ಬದಲಾಗಲ್ಲ. ಬರೋರು ಬನ್ನಿ. ಅಪ್ಪಾ, ನೀನು ಬರದಿದ್ರೆ ಕಾಕಿನಾಡದ ಚಿಕ್ಕಪ್ಪ ಧಾರೆ ಎರೀತಾರೆ, ಈಗಲೇ ಹೇಳಿಬಿಡು."

ಕಾಕಿನಾಡದ ತಮ್ಮ ತನ್ನ ಮಗಳ ಕೈ ಹಿಡಿದು ನಿಂತಿರುವುದು ತಾತಬ್ಬಾಯಿಯ ಕಣ್ಣಿಗೆ ಕಟ್ಟಿತು. ಎದ್ದುಹೋಗಿ ಹಿತ್ತಲಲ್ಲಿ ನಿಂತ.

‘ಉಕ್ಕುಕೋಟ’ ಮೂರನೆಯ ಸಲ ಮುಂದೆ ಹೋಗಲಿಲ್ಲ. ಕುದುರೆಗಳೂ ಆಗಿ, ಆನೆಗಳೂ ಆಗಿ, ಹೇಳಿದ ಶುಕ್ರವಾರಕ್ಕೆ ಸರಿಯಾಗಿ ಬಂತು. ಎದುರಾಳಿಯ ಸಿನಿಮಾವೂ ಬಂತು. ಕಲ್ಯಾಣಮಂಟಪದ ಎಡಕ್ಕೆ ಮಾರ್ತಾಂಡನ ಟಾಕೀಸು, ಬಲಕ್ಕೆ ಸ್ವಲ್ಪ ದೂರದಲ್ಲಿ ಚಕ್ರಧರನದು. ಬೆಳಿಗ್ಗೆಯಿಂದ ಎರಡೂ ಕಡೆಯಿಂದ ಡೋಲು, ಶಿಳ್ಳೆ. ಆರುನೂರು ಜನಕ್ಕೆ ಹಾಕಿಸಿದ್ದ ಕುರ್ಚಿಗಳಲ್ಲಿ ಎದುರು ಮನೆಯ ಮುದುಕಿಯೂ ಅವಳಂಥ ನಲವತ್ತು ಜನರೂ ಕೂತಿದ್ದರು. ಅಡುಗೆಯವನ ಕೈಯಾಳುಗಳೆಲ್ಲ ಮಾಯ. ಡೋಲಿನವನು ಎರಡು ಗಂಟೆ ತಡವಾಗಿ ಬರುತ್ತೇನೆ ಎಂದು ಹೇಳಿಕಳಿಸಿದ್ದ, ಸನ್ನಾಯಿ ಊದುವವನು ಅದನ್ನೂ ಹೇಳಿಕಳಿಸಿರಲಿಲ್ಲ. ಕಮಿಷನರ್ ಸಾಹೇಬರು ಮಾತ್ರ ಹೆಂಡತಿಯ ಜೊತೆ ಮುಂದಿನ ಸಾಲಿನಲ್ಲಿ, ರಜೆ ಕೊಟ್ಟವನು ನಾನೇ ಎಂಬುದು ಎಲ್ಲರಿಗೂ ಕಾಣುವಂತೆ ಕೂತಿದ್ದರು.

ಒಂಬತ್ತೂವರೆಗೆ ಬುಲ್ಲಿರಾಜು ತೆಂಗಿನಕಾಯಿ ಹಿಡಿದು ಮಂಟಪಕ್ಕೇ ಬಂದ. ಐದೇ ನಿಮಿಷ, ಒಂದು ಏಟು, ಸ್ಕೂಟರಿನಲ್ಲಿ ಕರೆದೊಯ್ದು ಸ್ಕೂಟರಿನಲ್ಲೇ ತಂದುಬಿಡುತ್ತೇನೆ ಎಂದ. ತಾತಬ್ಬಾಯಿ ಬೆಳೆಯುತ್ತಿದ್ದ ಕೂದಲಿನ ಮೇಲೆ ಕೈಯಾಡಿಸಿ, ಕಾಯಿಯನ್ನು ನೋಡಿದ, ಮಗಳನ್ನು ಅಲಂಕರಿಸುತ್ತಿದ್ದ ಕೋಣೆಯ ಬಾಗಿಲನ್ನು ನೋಡಿದ. "ನೀನೇ ಒಡಿ ಬುಲ್ಲಿರಾಜು. ನನಗೆ ಇಲ್ಲಿ ಕೆಲಸ ಇದೆ" ಎಂದ. ಬುಲ್ಲಿರಾಜು ನಂಬಲಾಗದೆ ಎರಡು ಸಲ ಕೇಳಿ ಹೊರಟುಹೋದ.

ಹತ್ತು ಗಂಟೆಗೆ ತಾತಬ್ಬಾಯಿ ಅಳಿಯನ ಕಾಲು ತೊಳೆದ. ಮಗಳ ಕೈಯನ್ನು ಅವನ ಕೈಯಲ್ಲಿಟ್ಟು ಧಾರೆ ಎರೆದ. ಹತ್ತು ನಲವತ್ತೆರಡಕ್ಕೆ ಸಿದ್ಧಾಂತಿಗಳು ಹುಡುಗ ಹುಡುಗಿಯ ಕೈಗೆ ಜೀರಿಗೆ ಬೆಲ್ಲ ಕೊಟ್ಟು, ಒಬ್ಬರ ತಲೆಯ ಮೇಲೆ ಒಬ್ಬರು ಇಡುವಂತೆ ಹೇಳಿ, ಗಟ್ಟಿಮೇಳ ಗಟ್ಟಿಮೇಳ ಎಂದು ಬೆರಳಾಡಿಸಿದರು. ಮೇಳವೇ ಇರಲಿಲ್ಲ. ಅದೇ ಗಳಿಗೆಗೆ ಎರಡೂ ಟಾಕೀಸಿನಲ್ಲಿ ಹೀರೋಗಳು ತೆರೆಯ ಮೇಲೆ ಬಂದಿರಬೇಕು. ಎಡದಿಂದಲೂ ಬಲದಿಂದಲೂ ಸಾವಿರ ಸರದ ಪಟಾಕಿ ಸಿಡಿದು, ಊರೆಲ್ಲ ಕೇಕೆ ಹಾಕಿ, ಮಂಟಪದ ತಗಡು ನಡುಗಿತು. ಹಾಗೆ ಸುವರ್ಚಲಾಳ ಮದುವೆಗೆ ಆದಷ್ಟು ಗದ್ದಲ ಮಂಡಪೇಟದಲ್ಲಿ ಯಾವ ಮದುವೆಗೂ ಆಗಿರಲಿಲ್ಲ. ವೀರ್ರಾಜು ಬಲಕ್ಕೆ ಕಿವಿ ಕೊಟ್ಟು ಕೂತಿದ್ದ. ತಾತಬ್ಬಾಯಿ ಮಗಳ ಮುಖವನ್ನೇ ನೋಡುತ್ತಿದ್ದ.

ಒಂದೂವರೆಗೆ ಆಟ ಬಿಟ್ಟು ನೆಂಟರೆಲ್ಲ ಹಸಿದು ಬಂದು ಎಲೆಯ ಮುಂದೆ ಕೂತರು. ಹೂರಣದ ಬೂರೆ ತಿನ್ನುತ್ತ ಸಿನಿಮಾದ ಕಥೆ ಹೇಳಿದರು. ತಾತಬ್ಬಾಯಿ ತುಪ್ಪ ಬಡಿಸಿಕೊಂಡು ಹೋದ, ಒಂದು ಮಾತೂ ಕೇಳಲಿಲ್ಲ.

ನಾಲ್ಕು ಗಂಟೆಗೆ ಹುಡುಗಿಯನ್ನು ಒಪ್ಪಿಸಿಕೊಡುವ ಶಾಸ್ತ್ರ. ಮಗಳ ಎರಡೂ ಕೈಗಳನ್ನು ಹಾಲಿನಲ್ಲಿ ಅದ್ದಿ ವೀರ್ರಾಜುವಿನ ಕೈಗೆ ಇಡುವಾಗ ತಾತಬ್ಬಾಯಿ ಅಳತೊಡಗಿದ. ಸಣ್ಣಗೆ ಅಲ್ಲ, ದೊಡ್ಡ ಗಂಡಸು ಅಷ್ಟು ಜನರ ಮುಂದೆ ಅಳಬಾರದ ಹಾಗೆ ಅತ್ತ. ನೆಂಟರು ಬೆನ್ನು ಸವರಿದರು. ಒಬ್ಬ, ಸಿನಿಮಾ ಎಲ್ಲಿಗೆ ಹೋಗುತ್ತೆ ತಾತಬ್ಬಾಯಿ, ಇನ್ನು ಎರಡು ವಾರ ಇಲ್ಲೇ ಇರುತ್ತೆ ಎಂದ. ಇನ್ನೊಬ್ಬ, ಅಷ್ಟೇನೂ ಚೆನ್ನಾಗಿಲ್ಲ, ಬೇಜಾರು ಮಾಡ್ಕೋಬೇಡ ಎಂದ. ಸಿದ್ಧಾಂತಿಗಳೂ ನಾಳೆ ದಿನ ಚೆನ್ನಾಗಿದೆ, ನಾಳೆ ನೋಡಬಹುದು ಎಂದರು.

"ಸಿನಿಮಾಕ್ಕಲ್ಲ ಕಣಯ್ಯಾ, ನನ್ನ ಮಗಳು ಹೋಗ್ತಿದ್ದಾಳೆ ಅಂತ ಅಳ್ತಿದೀನಿ" ಎಂದ ತಾತಬ್ಬಾಯಿ ಬಿಕ್ಕುತ್ತ.

ಎಲ್ಲರೂ ನಕ್ಕರು. ಟ್ಯಾಂಕು ತೊಳೆದದ್ದು, ಮುಡಿ ಕೊಟ್ಟದ್ದು ಎಲ್ಲ ಊರಿಗೇ ಗೊತ್ತಾಗಿತ್ತು, ಇನ್ನು ಇವನ ಮಾತನ್ನು ನಂಬುವವರು ಯಾರು. ಸುವರ್ಚಲ ಮಾತ್ರ ನಗಲಿಲ್ಲ. ಹಾಲು ಹತ್ತಿದ ಕೈಯಲ್ಲೇ ಅಪ್ಪನ ಕೆನ್ನೆ ಒರೆಸಿ ಕಾರು ಹತ್ತಿದಳು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ತಾತಬ್ಬಾಯಿ ರಸ್ತೆಯಲ್ಲಿ ನಿಂತಿದ್ದ. ಮಂಗತಾಯಾರು ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದಳು. ಮೂವತ್ತು ವರ್ಷ ಈ ಮನುಷ್ಯನ ಜೊತೆ ಬಾಳಿದವಳು, ಅವನನ್ನು ಸಮಾಧಾನ ಮಾಡುವ ದಾರಿ ಯಾವುದು ಎಂದು ತನಗೆ ಗೊತ್ತು ಎಂದೇ ನಂಬಿದ್ದಳು.

"ಹೋಗಲಿ ಬಿಡಿ, ಆರು ಗಂಟೆ ಆಟಕ್ಕೆ ಇನ್ನೂ ಹೊತ್ತಿದೆ. ಮಂಟಪ ನಾನು ನೋಡ್ಕೋತೀನಿ, ಹೋಗಿ ಬನ್ನಿ."

"ಬೇಡ ಕಣೇ. ಮನಸ್ಸಿಲ್ಲ" ಎಂದ ತಾತಬ್ಬಾಯಿ.

ಮಂಗತಾಯಾರು ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು.